ಪೊಲೀಸ್ರು ನಿಲ್ಸಿದಾಗ, ಸ್ಟೇಷನ್‌ಗೆ ಕರೆದಾಗ ನಿಮಗಿರೋ ಹಕ್ಕು ಏನು?

ಸ್ಟೇಷನ್ನಿಂದ ಫೋನ್ ಬರತ್ತೆ. "ನಿಮ್ಮ ಮೇಲೊಂದು ಪಿಟಿಷನ್ ಬಂದಿದೆ, ಸಂಜೆ ಬಂದು ಹೋಗಿ" ಅಂತ ಹೇಳಿ ಇಟ್ಬಿಡ್ತಾರೆ. ಯಾರು ಕೊಟ್ಟಿದ್ದು, ಯಾವ ವಿಷಯಕ್ಕೆ, ಎಫ್‌ಐಆರ್ ಆಗಿದ್ಯಾ ಇಲ್ವಾ, ಏನೂ ಗೊತ್ತಿಲ್ಲ. ಆಗ ಬಹಳ ಜನ ಮಾಡೋದು ಎರಡೇ, ಹೆದರ್ಕೊಂಡು ಒಬ್ಬರೇ ಹೋಗಿ ಅಲ್ಲಿ ಹೇಳಿದ್ದಕ್ಕೆಲ್ಲಾ ಹೂಂ ಅಂದು ತೋರಿಸಿದ ಕಡೆ ಸೈನ್ ಹಾಕಿ ಬರೋದು, ಇಲ್ಲಾಂದ್ರೆ ಫೋನ್ ಸ್ವಿಚ್ ಆಫ್ ಮಾಡಿ ಊರು ಬಿಡೋದು. ಎರಡರಿಂದಲೂ ಕೆಡೋದು ನಮ್ಮದೇ ಕೇಸು.

ಸೆಕ್ಷನ್ ನಂಬರೆಲ್ಲಾ ಬಾಯಿಪಾಠ ಮಾಡೋ ಅಗತ್ಯ ಇಲ್ಲ. ಒಂದು ಪ್ರಶ್ನೆ ಮನಸ್ಸಲ್ಲಿದ್ರೆ ಅರ್ಧ ಕೆಲಸ ಆದಂಗೆ: "ಸಾರ್, ನನ್ನನ್ನ ಯಾವ ಲೆಕ್ಕದಲ್ಲಿ ಕೇಳ್ತಿದೀರಾ?" ಯಾಕಂದ್ರೆ ಕಾನೂನಿನ ಕಣ್ಣಲ್ಲಿ ನೀವು ಆ ಹೊತ್ತಲ್ಲಿ ಬರೀ ದಾರೀಲಿ ಹೋಗೋರಾಗಿರಬಹುದು, ಸಾಕ್ಷಿ ಆಗಿರಬಹುದು, ಆರೋಪಿ ಆಗಿರಬಹುದು, ಅರೆಸ್ಟ್ ಆದೋರಾಗಿರಬಹುದು, ಮತ್ತೆ ಈ ಒಂದೊಂದಕ್ಕೂ ನೀವು ಮಾಡಲೇಬೇಕಾದ್ದು ಬೇರೆ, ನಿಮಗಿರೋ ರಕ್ಷಣೆ ಬೇರೆ. "ಸುಮ್ನೆ ಬಂದು ಕೂತ್ಕೋ, ಆಮೇಲೆ ಹೇಳ್ತೀವಿ" ಅನ್ನೋದಕ್ಕೆ ಈ ನಾಲ್ಕರಲ್ಲಿ ಎಲ್ಲೂ ಜಾಗ ಇಲ್ಲ.

ಇಲ್ಲಿ ಹೇಳೋದೆಲ್ಲಾ ಹೊಸ ಕಾನೂನಿನ ಪ್ರಕಾರ. 2024ರ ಜುಲೈ 1ರಿಂದ, ಪೊಲೀಸ್ರು ಕೋರ್ಟು ಹೆಂಗೆ ನಡ್ಕೋಬೇಕು ಅಂತ ಹೇಳೋ ಹಳೇ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿಎನ್‌ಎಸ್‌ಎಸ್ ಬಂದಿದೆ, ಯಾವ ಅಪರಾಧಕ್ಕೆ ಏನು ಶಿಕ್ಷೆ ಅಂತ ಹೇಳೋ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್ ಬಂದಿದೆ. ನಂಬರುಗಳು ಬದಲಾಗಿವೆ, ಆದ್ರೆ ಹಕ್ಕುಗಳ ಬೇರು ಇರೋದು ಸಂವಿಧಾನದ 20, 21, 22ನೇ ವಿಧಿಗಳಲ್ಲಿ, ಅವು ಹಾಗೇ ಇವೆ.

ಮೊದಲು ರಸ್ತೆ ವಿಷಯ, ಎಲ್ಲರಿಗೂ ಎದುರಾಗೋದು ಅದೇ. ಗಾಡಿ ಓಡಿಸ್ತಿದ್ದಾಗ ಯೂನಿಫಾರ್ಮಲ್ಲಿರೋ ಪೊಲೀಸ್ ಅಧಿಕಾರಿ ಕೈ ತೋರಿಸಿದ್ರೆ ನಿಲ್ಲಿಸಬೇಕು, ಲೈಸೆನ್ಸ್ ಕೇಳಿದ್ರೆ ತೋರಿಸಬೇಕು, ಲೈಸೆನ್ಸ್ ತೋರಿಸೋದನ್ನ ಮೋಟಾರು ವಾಹನ ಕಾಯ್ದೆ 130ನೇ ಸೆಕ್ಷನ್ ಹೇಳತ್ತೆ, ಇದರಲ್ಲಿ ವಾದ ಮಾಡೋಕೆ ಏನೂ ಇಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆಪ್‌ನಲ್ಲಿರೋ ಲೈಸೆನ್ಸು, ಆರ್‌ಸಿ ನಡೆಯತ್ತೆ, ಒರಿಜಿನಲ್ ಕಾರ್ಡೇ ಬೇಕು ಅಂತ ಹಠ ಮಾಡೋ ಹಂಗಿಲ್ಲ. ಕುಡಿದಿದ್ದಾರೆ ಅಂತ ಅನುಮಾನ ಬಂದು ಊದಿ ಅಂದ್ರೆ ಊದಿಬಿಡಿ, ಊದಲ್ಲ ಅಂತ ಕೂತ್ರೆ ಆ ಅನುಮಾನದ ಮೇಲೇ ವಾರಂಟ್ ಇಲ್ಲದೆ ಅರೆಸ್ಟ್ ಮಾಡೋ ಅಧಿಕಾರ ಅದೇ ಕಾಯ್ದೆಲಿದೆ. ಆದ್ರೆ ಓಡ್ತಿರೋ ಗಾಡಿ ಕೀ ಕಿತ್ಕೊಳ್ಳೋದು, ಹ್ಯಾಂಡಲ್ ಹಿಡಿದು ಎಳೆಯೋದು, ಇದಕ್ಕೆ ಆ ಕಾಯ್ದೆಲಿ ಒಂದು ಸಾಲೂ ಇಲ್ಲ. ದಾಖಲೆ ವಶಕ್ಕೆ ತಗೊಂಡ್ರೆ ಅದಕ್ಕೆ ರಸೀದಿ ಕೊಡ್ಬೇಕು, ದಂಡ ಕಟ್ಟಿಸ್ಕೊಂಡ್ರೆ ಅದಕ್ಕೂ ರಸೀದಿ ಬೇಕು, ಕೇಳಿ ಇಸ್ಕೊಳಿ.

ನಡ್ಕೊಂಡು ಹೋಗ್ತಿದ್ದಾಗ ನಿಲ್ಲಿಸಿ ಹೆಸರು, ವಿಳಾಸ ಕೇಳಿದ್ರೆ ಹೇಳಿ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಎಷ್ಟೋ ಹುಡುಗ್ರು ವಿಡಿಯೋ ನೋಡಿ "ನಾನು ಹೆಸರು ಹೇಳಲ್ಲ, ಅದು ನನ್ನ ರೈಟ್ಸ್" ಅಂತ ನಿಂತುಬಿಡ್ತಾರೆ. ಪೊಲೀಸರ ಕಣ್ಣೆದುರೇ ಸಣ್ಣಪುಟ್ಟ ಅಪರಾಧ ನಡೆದು ಆಗ ಹೆಸರು ವಿಳಾಸ ಹೇಳದಿದ್ರೆ, ಅಥವಾ ಸುಳ್ಳು ಹೇಳಿದ್ರೆ, ಅದನ್ನ ಪತ್ತೆ ಮಾಡೋಕೇ ಅಂತ ಹಿಡ್ಕೊಳ್ಳೋ ಅಧಿಕಾರ ಬಿಎನ್‌ಎಸ್‌ಎಸ್ 39ರಲ್ಲಿದೆ. 172ನೇ ಸೆಕ್ಷನ್ ಪ್ರಕಾರ ಅಪರಾಧ ತಡೆಯೋಕೆ ಕೊಟ್ಟ ಕಾನೂನುಬದ್ಧ ಸೂಚನೆ ಪಾಲಿಸದೆ ಎದುರು ನಿಂತ್ರೆ ಕರ್ಕೊಂಡು ಹೋಗಬಹುದು, ಆದ್ರೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಬೇಕು, ಸಣ್ಣ ವಿಷಯ ಆದ್ರೆ ಆದಷ್ಟು ಬೇಗ, 24 ಗಂಟೆಯೊಳಗೆ ಬಿಡ್ಬೇಕು. ಇನ್ನೊಂದು, ಪೊಲೀಸ್ರ ಮೈ ಮುಟ್ಟೋದು, ತಳ್ಳೋದು, ಕೈ ಕೊಡವೋದು ಯಾವತ್ತೂ ಬೇಡ. ಡ್ಯೂಟಿಲಿರೋ ಸರ್ಕಾರಿ ನೌಕರರ ಮೇಲೆ ಬಲಪ್ರಯೋಗ ಅಂತ ಬಿಎನ್‌ಎಸ್ 132 ಬಿತ್ತು ಅಂದ್ರೆ ಎರಡು ವರ್ಷದವರೆಗೆ ಶಿಕ್ಷೆ ಇದೆ, ಅಲ್ಲಿಗೆ ಮೊದಲು ತಪ್ಪು ಯಾರದು ಅನ್ನೋದನ್ನ ಯಾರೂ ಕೇಳಲ್ಲ. ಮಫ್ತಿಯಲ್ಲಿ ಬಂದಿದ್ರೆ ಐಡಿ ಕಾರ್ಡ್ ತೋರ್ಸಿ ಅಂತ ಮೆತ್ತಗೆ ಕೇಳಬಹುದು, ಹೆಸರು ಸ್ಟೇಷನ್ ಬರ್ಕೊಳಿ.

ಫೋನ್ ವಿಷಯ ಈಗ ಎಲ್ಲರಿಗೂ ಬರ್ತಿದೆ. "ಮೊಬೈಲ್ ಅನ್‌ಲಾಕ್ ಮಾಡು, ವಾಟ್ಸಾಪ್ ತೆಗಿ" ಅಂತ ರಸ್ತೇಲೇ ಕೇಳ್ತಾರೆ. ಕೇಸ್ ಇದ್ದು ತನಿಖೆಗೆ ಬೇಕು ಅಂದ್ರೆ ಫೋನು, ಲ್ಯಾಪ್‌ಟಾಪ್ ಹಾಜರುಪಡಿಸಿ ಅಂತ ಬಿಎನ್‌ಎಸ್‌ಎಸ್ 94ರಲ್ಲಿ ಲಿಖಿತವಾಗಿ ಆದೇಶ ಕೊಡೋಕೆ ಅವಕಾಶ ಇದೆ. ಪಾಸ್‌ವರ್ಡ್ ಬಗ್ಗೆ 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಪಾಸ್‌ವರ್ಡ್ ಕೊಡೋದಷ್ಟೇ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂಗೆ ಆಗಲ್ಲ, ಆದ್ರೆ ಆರೋಪಿ ಕೊಡದಿದ್ರೆ ಪೊಲೀಸ್ರು ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ಕೇಳಬಹುದು ಅನ್ನೋದು ಅದರ ಸಾರ. ಅಂದ್ರೆ ದಾರಿ ಇದೆ, ಆದ್ರೆ ಆ ದಾರಿ ಕೋರ್ಟ್ ಮೂಲಕ ಹೋಗತ್ತೆ. ಯಾವ ಕೇಸೂ ಇಲ್ಲದೆ ದಾರೀಲಿ ಹೋಗೋರ ಚಾಟ್ ಓದೋದಕ್ಕೆ "ಸಾರ್, ಯಾವ ಕೇಸಲ್ಲಿ, ನೋಟಿಸ್ ಕೊಡಿ" ಅನ್ನೋ ಉತ್ತರ ಸಾಕು. ಪೊಲೀಸ್ರು ಮಾಡ್ತಿರೋ ಕೆಲಸಕ್ಕೆ ಅಡ್ಡ ಬರದೆ ಸಾರ್ವಜನಿಕ ಜಾಗದಲ್ಲಿ ನೀವು ವಿಡಿಯೋ ಮಾಡೋದು ಅಪರಾಧ ಅಂತ ಹೇಳೋ ಕಾನೂನಿಲ್ಲ, ಪೊಲೀಸ್ ಸ್ಟೇಷನ್ ಅಧಿಕೃತ ರಹಸ್ಯ ಕಾಯ್ದೆಯ ನಿಷೇಧಿತ ಜಾಗ ಅಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ.

ಈಗ ಸ್ಟೇಷನ್‌ಗೆ ಕರೆಯೋ ವಿಷಯ, ಜನ ಜಾಸ್ತಿ ನರಳೋದು ಇಲ್ಲೇ.

ಸಾಕ್ಷಿ ಅಂತ ಕರೀಬೇಕು ಅಂದ್ರೆ ಬಿಎನ್‌ಎಸ್‌ಎಸ್ 179ರ ಪ್ರಕಾರ ಲಿಖಿತ ಆದೇಶ ಇರ್ಬೇಕು, ಮತ್ತೆ ನೀವು ಆ ಸ್ಟೇಷನ್ ಅಥವಾ ಪಕ್ಕದ ಸ್ಟೇಷನ್ ವ್ಯಾಪ್ತಿಲಿ ಇರ್ಬೇಕು. ಅಂಥ ಆದೇಶ ಬಂದ್ರೆ ಹೋಗಲೇಬೇಕು. ಆದ್ರೆ ಹೆಂಗಸ್ರು, 15 ವರ್ಷದೊಳಗಿನ ಹುಡುಗ್ರು, 60 ದಾಟಿದ ಗಂಡಸ್ರು, ಅಂಗವಿಕಲರು, ಮಾನಸಿಕ ತೊಂದರೆ ಇರೋರು, ತೀವ್ರ ಕಾಯಿಲೆ ಇರೋರು, ಇವರನ್ನ ಸ್ಟೇಷನ್‌ಗೆ ಬನ್ನಿ ಅಂತ ಒತ್ತಾಯ ಮಾಡೋ ಹಂಗೇ ಇಲ್ಲ, ಪೊಲೀಸ್ರೇ ಅವರ ಮನೆಗೆ ಬಂದು ಕೇಳ್ಬೇಕು. ತಾವಾಗೇ ಬರ್ತೀವಿ ಅಂದ್ರೆ ಬೇರೆ ಮಾತು. ಇದನ್ನ ಗೊತ್ತಿದ್ದೂ ಮೀರಿ ಕರೆಸಿದ ಅಧಿಕಾರಿಗೆ ಬಿಎನ್‌ಎಸ್ 199ರಲ್ಲಿ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಕಠಿಣ ಶಿಕ್ಷೆ ಇದೆ. ಮನೇಲಿ ಅಮ್ಮ, ಅಜ್ಜಿ, ತಂಗಿಗೆ ಇದೊಂದನ್ನ ದಯವಿಟ್ಟು ಹೇಳ್ಕೊಡಿ, ಯಾಕಂದ್ರೆ ಮಗ ಸಿಗಲಿಲ್ಲ ಅಂತ ತಾಯಿನ, ಗಂಡ ಸಿಗಲಿಲ್ಲ ಅಂತ ಹೆಂಡತಿನ ಕೂರಿಸ್ಕೊಳ್ಳೋದು ಇನ್ನೂ ನಡೆಯತ್ತೆ, ಒಬ್ಬರ ಬದಲು ಇನ್ನೊಬ್ಬರನ್ನ ಇಟ್ಕೊಳ್ಳೋ ಅಧಿಕಾರ ಯಾವ ಸೆಕ್ಷನ್ನೂ ಕೊಟ್ಟಿಲ್ಲ.

ಸಾಕ್ಷಿಯಾಗಿ ಹೋದಾಗ ಕೇಳಿದ್ದಕ್ಕೆ ನಿಜ ಹೇಳ್ಬೇಕು, ಆದ್ರೆ ಉತ್ತರ ಹೇಳಿದ್ರೆ ನಿಮ್ಮ ಮೇಲೇ ಕೇಸ್ ಬರೋ ಹಂಗಿದ್ರೆ ಆ ಪ್ರಶ್ನೆಗೆ ಉತ್ತರ ಕೊಡೋ ಬಾಧ್ಯತೆ ಇಲ್ಲ, 180ನೇ ಸೆಕ್ಷನ್ನೇ ಹಾಗಂತ ಬರೆದಿದೆ. ಮತ್ತೆ ಬಹಳ ಜನಕ್ಕೆ ಗೊತ್ತಿಲ್ಲದ್ದು ಅಂದ್ರೆ, ತನಿಖೆಲಿ ಪೊಲೀಸ್ರು ಬರ್ಕೊಂಡ ನಿಮ್ಮ ಹೇಳಿಕೆಗೆ ನಿಮ್ಮ ಸೈನ್ ತಗೋಬಾರದು, 181ನೇ ಸೆಕ್ಷನ್. ಮಹಜರು ಬೇರೆ, ಅಲ್ಲಿ ಪಂಚರ ಸೈನ್ ಬೇಕು, ದೂರು ಕೊಟ್ಟೋರು ನೀವೇ ಆದ್ರೆ ಅದಕ್ಕೂ ಸೈನ್ ಬೇಕು. ಖಾಲಿ ಹಾಳೆಗೆ, ಓದದೆ ಇರೋ ಹಾಳೆಗೆ, ಗೊತ್ತಿಲ್ಲದ ಭಾಷೆಲಿರೋ ಹಾಳೆಗೆ ಯಾವ ಲೆಕ್ಕದಲ್ಲೂ ಸೈನ್ ಹಾಕ್ಬೇಡಿ, ಎಷ್ಟೊತ್ತು ಕೂರಿಸಿದ್ರೂ ಸರಿ.

ಆರೋಪಿ ಅಥವಾ ಅನುಮಾನ ಅಂತ ಕರೆಯೋದಾದ್ರೆ, ಅರೆಸ್ಟ್ ಬೇಕಾಗಿಲ್ಲ ಅನ್ನೋ ಕೇಸಲ್ಲಿ 35(3)ರ ನೋಟಿಸ್ ಕೊಡ್ಬೇಕು, ಹಳೇ ಕಾಲದಲ್ಲಿ 41ಎ ನೋಟಿಸ್ ಅಂತಿದ್ರಲ್ಲ ಅದೇ ಇದು. ಇದು ಬಂತು ಅಂದ್ರೆ ಹೆದರ್ಕೋಬೇಡಿ, ಇದು ನಿಮಗೆ ರಕ್ಷಣೆ. ನೋಟಿಸಲ್ಲಿ ಹೇಳಿದ ದಿನ ಹೋಗಿ, ಸಹಕರಿಸ್ತಾ ಇರೋವರೆಗೂ ನಿಮ್ಮನ್ನ ಅರೆಸ್ಟ್ ಮಾಡಬಾರದು, ಮಾಡಲೇಬೇಕು ಅಂದ್ರೆ ಯಾಕೆ ಅಂತ ಕಾರಣ ಬರೆದಿಡ್ಬೇಕು. ಹೋಗದೆ ತಪ್ಪಿಸ್ಕೊಂಡ್ರೆ ಆ ರಕ್ಷಣೆ ಹೋಯ್ತು. ಏಳು ವರ್ಷದವರೆಗೆ ಶಿಕ್ಷೆ ಇರೋ ಕೇಸುಗಳಲ್ಲಿ ಎಫ್‌ಐಆರ್ ಆದ ಕೂಡಲೇ ಹಿಡ್ಕೊಂಡು ಹೋಗೋದು ತಪ್ಪು, ಅರೆಸ್ಟ್ ಯಾಕೆ ಅಗತ್ಯ ಅಂತ ತೋರಿಸ್ಬೇಕು ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಕೇಸಲ್ಲಿ ಖಡಾಖಂಡಿತವಾಗಿ ಹೇಳಿದೆ. ಈ ನೋಟಿಸ್ನ ವಾಟ್ಸಾಪಲ್ಲಿ ಕಳಿಸಿ ಕೈ ತೊಳ್ಕೊಳ್ಳೋ ಹಂಗಿಲ್ಲ ಅಂತ 2025ರಲ್ಲಿ ಅದೇ ಕೋರ್ಟ್ ಹೇಳ್ತು. 60 ದಾಟಿದೋರು ಅಥವಾ ಅಶಕ್ತರಾಗಿದ್ದು ಕೇಸು ಮೂರು ವರ್ಷಕ್ಕಿಂತ ಕಮ್ಮಿ ಶಿಕ್ಷೆದಾಗಿದ್ರೆ ಡಿವೈಎಸ್ಪಿ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿ ಮೊದಲೇ ಅನುಮತಿ ಕೊಡದೆ ಅರೆಸ್ಟ್ ಇಲ್ಲ, ಇದು ಹೊಸ ಕಾನೂನಲ್ಲಿ ಬಂದಿರೋ ಒಳ್ಳೇ ಸೇರ್ಪಡೆ. ಅರೆಸ್ಟ್ ಆಗೋ ಭಯ ನಿಜವಾಗಿ ಇದ್ರೆ ಸ್ಟೇಷನ್‌ಗೆ ಹೋಗೋಕೆ ಮುಂಚೆ ಲಾಯರ್ ಕಂಡು ನಿರೀಕ್ಷಣಾ ಜಾಮೀನಿನ ಬಗ್ಗೆ ಮಾತಾಡಿ. ಎಫ್‌ಐಆರ್ ಆಗಿದ್ಯಾ ನೋಡೋಕೂ ದಾರಿ ಇದೆ, ಅತ್ಯಾಚಾರ, ಮಕ್ಕಳ ಮೇಲಿನ ದೌರ್ಜನ್ಯದಂಥ ಸೂಕ್ಷ್ಮ ಕೇಸ್ ಬಿಟ್ಟು ಉಳಿದ ಎಫ್‌ಐಆರ್‌ನ ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕ್ಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಆದೇಶ ಆಗಿದೆ.

ಇನ್ನು ಆ "ಪಿಟಿಷನ್". ಸೈಟಿನ ಗಲಾಟೆ, ಬಾಡಿಗೆ ಬಾಕಿ, ಕೈಸಾಲ, ಪಾರ್ಟ್ನರ್‌ಶಿಪ್ ಜಗಳ, ಇಂಥದ್ದನ್ನೆಲ್ಲಾ ಸ್ಟೇಷನ್ನಲ್ಲಿ ಕೂರಿಸಿ ಕಾಂಪ್ರಮೈಸ್ ಮಾಡಿಸೋದು ನಮ್ಮಲ್ಲಿ ರೂಢಿ ಆಗ್ಬಿಟ್ಟಿದೆ. ಬರೀ ದುಡ್ಡಿನ, ಆಸ್ತಿಯ ಸಿವಿಲ್ ತಕರಾರನ್ನ ತೀರ್ಮಾನ ಮಾಡೋ ಅಧಿಕಾರ ಸ್ಟೇಷನ್‌ಗಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಪೊಲೀಸ್ರು ನೇರ ಕೈ ಹಾಕೋ ಹಂಗಿಲ್ಲದ ಸಣ್ಣ ಅಪರಾಧಗಳಲ್ಲಿ, ಅಂದ್ರೆ ಎನ್‌ಸಿ ಕೇಸುಗಳಲ್ಲಿ, ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ತನಿಖೆನೇ ಮಾಡೋ ಹಂಗಿಲ್ಲ ಅಂತ ಬಿಎನ್‌ಎಸ್‌ಎಸ್ 174 ಹೇಳತ್ತೆ. "ಇಷ್ಟು ದಿನದಲ್ಲಿ ದುಡ್ಡು ಕೊಡ್ತೀನಿ" ಅಂತ ಅಲ್ಲಿ ಮುಚ್ಚಳಿಕೆ ಬರ್ಕೊಡಿ ಅಂದ್ರೆ ಲಾಯರ್ ಕೇಳದೆ ಬರ್ಕೊಡ್ಬೇಡಿ, ಆಮೇಲೆ ಅದನ್ನೇ ನೀವು ಸಾಲ ಒಪ್ಕೊಂಡಿದ್ದಕ್ಕೆ ಸಾಕ್ಷಿ ಅಂತ ಕೋರ್ಟಲ್ಲಿ ಹಿಡೀತಾರೆ. ಫೋನಲ್ಲಿ ಕರೆದಾಗ ಜಗಳ ಆಡ್ಬೇಡಿ, "ಖಂಡಿತ ಬರ್ತೀನಿ ಸಾರ್, ಪಿಟಿಷನ್ ನಂಬರ್ ಹೇಳಿ, ನೋಟಿಸ್ ಕೊಡಿ" ಅನ್ನಿ, ಆ ಮಾತನ್ನೇ ಮೆಸೇಜಲ್ಲೂ ಹಾಕಿ. ಹೋಗೋದಾದ್ರೆ ಹಗಲು ಹೊತ್ತು ಹೋಗಿ, ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ, ಮನೇಲಿ ಯಾವ ಸ್ಟೇಷನ್ ಅಂತ ಹೇಳಿ ಹೋಗಿ.

ವಿಚಾರಣೆ ಶುರುವಾದ್ಮೇಲೆ ಏನು? ಅಪರಾಧದ ಆರೋಪ ಇರೋ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಬಲವಂತ ಮಾಡಬಾರದು, ಸಂವಿಧಾನದ 20(3). ಇದು ಕೋರ್ಟ್ ಕಟಕಟೆಗೆ ಮಾತ್ರ ಅಲ್ಲ, ಪೊಲೀಸ್ ವಿಚಾರಣೆಗೂ ಅನ್ವಯ ಆಗತ್ತೆ ಅಂತ ಸುಪ್ರೀಂ ಕೋರ್ಟ್ 1978ರಲ್ಲಿ ನಂದಿನಿ ಸತ್ಪತಿ ಕೇಸಲ್ಲಿ ಹೇಳ್ತು. ಅವರು ಒಡಿಶಾದ ಮುಖ್ಯಮಂತ್ರಿ ಆಗಿದ್ದೋರು, ಆಮೇಲೆ ಅವರನ್ನೇ ವಿಚಾರಣೆಗೆ ಕರೆದು ಪ್ರಶ್ನೆಪಟ್ಟಿ ಕೊಟ್ಟಿದ್ರು. ಹಾಗಂತ ಸುಳ್ಳು ಹೇಳೋ ಹಕ್ಕು ಸಿಕ್ತು ಅಂದ್ಕೋಬೇಡಿ. ಸುಮ್ಮನಿರೋದು ನಿಮ್ಮ ಹಕ್ಕು, ಸುಳ್ಳು ಹೇಳಿದ್ರೆ ಅದೇ ಆಮೇಲೆ ನಿಮ್ಮ ಕುತ್ತಿಗೆಗೆ ಬರತ್ತೆ. "ಇದಕ್ಕೆ ನಾನು ಲಾಯರ್ ಹತ್ರ ಮಾತಾಡಿ ಉತ್ತರ ಕೊಡ್ತೀನಿ" ಅನ್ನೋ ಒಂದು ವಾಕ್ಯ ಕಲ್ತಿಟ್ಕೊಳಿ. ಬೆರಳಚ್ಚು, ಕೈಬರಹದ ಮಾದರಿ ಕೊಡೋದು ಮಾತ್ರ ಈ ರಕ್ಷಣೆಯೊಳಗೆ ಬರಲ್ಲ, ಅದು 1961ರಿಂದಲೂ ಇರೋ ನಿಲುವು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಇವನ್ನ ಒಪ್ಪಿಗೆ ಇಲ್ಲದೆ ಮಾಡೋ ಹಂಗಿಲ್ಲ, 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಅನ್ನೋ ನಮ್ಮ ರಾಜ್ಯದ ಕೇಸಲ್ಲೇ ಅದು ತೀರ್ಮಾನ ಆಯ್ತು.

ಅರೆಸ್ಟ್ ಆದೋರಿಗೆ ವಿಚಾರಣೆ ವೇಳೆ ತಮ್ಮ ಲಾಯರ್ ಭೇಟಿ ಮಾಡೋ ಹಕ್ಕಿದೆ, ಪೂರ್ತಿ ಹೊತ್ತು ಪಕ್ಕದಲ್ಲೇ ಕೂರಿಸ್ಕೊಳ್ಳೋ ಹಕ್ಕಲ್ಲ, ನಡುವೆ ಕಂಡು ಮಾತಾಡೋ ಹಕ್ಕು, ಬಿಎನ್‌ಎಸ್‌ಎಸ್ 38. ಮತ್ತೆ ಪೊಲೀಸ್ರ ಮುಂದೆ "ಹೌದು ನಾನೇ ಮಾಡಿದ್ದು" ಅಂದಿದ್ದನ್ನ ಕೋರ್ಟಲ್ಲಿ ತಪ್ಪೊಪ್ಪಿಗೆ ಅಂತ ಸಾಬೀತು ಮಾಡೋಕೆ ಬಳಸೋ ಹಂಗಿಲ್ಲ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್. ಆದ್ರೆ ಇಲ್ಲೊಂದು ಕಿಂಡಿ ಇದೆ: ನೀವು ಹೇಳಿದ್ದರಿಂದ ಯಾವುದಾದ್ರೂ ವಸ್ತು ಸಿಕ್ಕಿದ್ರೆ, ಅದಕ್ಕೆ ನೇರ ಸಂಬಂಧಪಟ್ಟಷ್ಟು ಮಾತು ಒಪ್ಪಿತ ಆಗತ್ತೆ. ಕೇಸುಗಳಲ್ಲಿ "ಆರೋಪಿ ತೋರಿಸಿದ ಜಾಗದಲ್ಲಿ ಜಪ್ತಿ" ಅಂತ ಮೇಲಿಂದ ಮೇಲೆ ಬರೋದು ಇದಕ್ಕೇ. ಜಪ್ತಿ, ಸರ್ಚ್ ಇದನ್ನೆಲ್ಲಾ ಈಗ ವಿಡಿಯೋ ರೆಕಾರ್ಡ್ ಮಾಡಲೇಬೇಕು ಅಂತ 105ನೇ ಸೆಕ್ಷನ್ ಇದೆ, ನಿಮ್ಮ ಮನೇಲಿ ಸರ್ಚ್ ಆದ್ರೆ ರೆಕಾರ್ಡ್ ಆಗ್ತಿದ್ಯಾ ಅಂತ ಕೇಳಿ, ಪಟ್ಟಿಯ ಕಾಪಿ ತಗೊಳಿ.

ಅರೆಸ್ಟ್ ಅಂತ ಆದ ಮೇಲೆ ಗಡಿಯಾರ ಶುರು. 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು, ಭಾನುವಾರ ಹಬ್ಬ ಯಾವುದೂ ಇದಕ್ಕೆ ಅಡ್ಡಿ ಅಲ್ಲ. ಹಿಡಿಯೋ ಅಧಿಕಾರಿ ಹೆಸರು ಕಾಣೋ ಹಂಗೆ ಇರ್ಬೇಕು, ಅರೆಸ್ಟ್ ಮೆಮೋ ಬರೀಬೇಕು, ಅದಕ್ಕೆ ಮನೆಯೋರು ಅಥವಾ ಆ ಏರಿಯಾದ ಒಬ್ಬ ಗೌರವಸ್ಥರ ಸೈನು, ನಿಮ್ಮ ಸೈನು ಇರ್ಬೇಕು, ಮತ್ತೆ ನೀವು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸ್ಬೇಕು. 1996ರ ಡಿ.ಕೆ. ಬಸು ತೀರ್ಪಿನಿಂದ ಹುಟ್ಟಿ ಈಗ ಕಾನೂನಿನೊಳಗೇ ಸೇರಿರೋ ನಿಯಮಗಳು ಇವು. ಯಾಕೆ ಹಿಡಿದ್ರು ಅನ್ನೋ ಕಾರಣ ಲಿಖಿತವಾಗಿ, ನಿಮಗೆ ಅರ್ಥ ಆಗೋ ಭಾಷೆಲಿ ಕೊಡ್ಬೇಕು, ಎಲ್ಲಾ ಥರದ ಕೇಸಿಗೂ ಇದು ಅನ್ವಯ, ಆ ಕ್ಷಣಕ್ಕೆ ಆಗದಿದ್ರೆ ಕೊನೇಪಕ್ಷ ರಿಮಾಂಡಿಗೆ, ಅಂದ್ರೆ ಕಸ್ಟಡಿ ಕೇಳೋಕೆ ಮ್ಯಾಜಿಸ್ಟ್ರೇಟ್ ಮುಂದೆ, ಹಾಜರು ಮಾಡೋಕೆ ಎರಡು ಗಂಟೆ ಮುಂಚೆ ಆದ್ರೂ ಕೊಡ್ಬೇಕು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕನ್ನಡ ಬಿಟ್ಟು ಬೇರೆ ಬಾರದೋರ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟು ಸೈನ್ ಹಾಕಿಸ್ಕೊಳ್ಳೋದಕ್ಕೆ ಇದು ದೊಡ್ಡ ತಡೆ. ಹೆಂಗಸ್ರನ್ನ ಸೂರ್ಯ ಮುಳುಗಿದ ಮೇಲೆ, ಹುಟ್ಟೋಕೆ ಮುಂಚೆ ಅರೆಸ್ಟ್ ಮಾಡಬಾರದು, ತೀರಾ ಅಸಾಧಾರಣ ಸಂದರ್ಭ ಆದ್ರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟ್ ಅನುಮತಿ ಮೊದಲೇ ಪಡೆದು ಮಾಡ್ಬೇಕು, ಮೈ ತಪಾಸಣೆ ಹೆಂಗಸ್ರೇ ಮಾಡ್ಬೇಕು. 18 ತುಂಬದ ಮಕ್ಕಳನ್ನ ಲಾಕಪ್ಪಲ್ಲಿ ಇಡೋ ಹಂಗೇ ಇಲ್ಲ, ಬಾಲನ್ಯಾಯ ಮಂಡಳಿ ಮುಂದೆ ಹಾಜರು ಮಾಡ್ಬೇಕು. ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನದಲ್ಲಿ ಮಾತ್ರ ಈ 24 ಗಂಟೆ ನಿಯಮ ಅನ್ವಯ ಆಗಲ್ಲ, ಅಲ್ಲಿಗೆ ಬೇರೆ ದಾರಿ, ಲಾಯರ್ ಬೇಕೇ ಬೇಕು.

ನಿಜವಾದ ಮೋಸ ನಡೆಯೋದು ಟೈಮಿನಲ್ಲಿ. ಸೋಮವಾರ ಸಂಜೆ ಕರ್ಕೊಂಡು ಹೋಗಿ, ಬುಧವಾರ ಬೆಳಗ್ಗೆ ಅರೆಸ್ಟ್ ಅಂತ ಬರೀತಾರೆ. ಅದಕ್ಕೇ ಮನೆಯೋರು ಕರ್ಕೊಂಡು ಹೋದ ತಕ್ಷಣ ಟೈಮು, ಗಾಡಿ ನಂಬರು, ಯಾರು ಬಂದಿದ್ರು ಇದನ್ನ ಬರೆದು ಎಸ್ಪಿ ಅಥವಾ ಕಮಿಷನರ್ ಆಫೀಸಿಗೆ ಇಮೇಲ್ ಮಾಡ್ಬೇಕು, 112ಕ್ಕೆ ಫೋನ್ ಮಾಡಿ ಹೇಳ್ಬೇಕು, ಆ ಇಮೇಲಿನ ಟೈಮೇ ನಾಳೆ ದಾಖಲೆ ಆಗತ್ತೆ. ಪಕ್ಕದ ಅಂಗಡಿ ಕ್ಯಾಮೆರಾ ರೆಕಾರ್ಡಿಂಗ್ ಉಳಿಸಿಡಿ. ಸ್ಟೇಷನ್ ಒಳಗೂ, ಲಾಕಪ್ಪಿಗೂ ಸಿಸಿಟಿವಿ ಇರಲೇಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ, ಆ ಫುಟೇಜ್ ಕೊಡಿಸಿ ಅಂತ ಕೋರ್ಟಲ್ಲಿ ಕೇಳಬಹುದು. ಅರೆಸ್ಟ್ ಆದೋರಿಗೆ ವೈದ್ಯರ ತಪಾಸಣೆ ಆಗ್ಬೇಕು, ಡಾಕ್ಟರ್ ಮುಂದೆ ಗಾಯ ಇದ್ರೆ ತೋರಿಸಿ ಬರೆಸಿ, ರಿಪೋರ್ಟ್ ಕಾಪಿ ನಿಮಗೆ ಸಿಗ್ಬೇಕು. ಮ್ಯಾಜಿಸ್ಟ್ರೇಟ್ ಮುಂದೆ ಸಿಗೋದು ಕೆಲವೇ ನಿಮಿಷ, ಆದ್ರೂ ಹೊಡೆದಿದ್ರೆ ಅಲ್ಲೇ ಬಾಯಿಬಿಟ್ಟು ಹೇಳ್ಬೇಕು, ಯಾವಾಗ ಹಿಡಿದ್ರು ಅನ್ನೋದನ್ನೂ ಹೇಳ್ಬೇಕು. ಎಷ್ಟೋ ಜನ "ಹೇಳಿದ್ರೆ ವಾಪಸ್ ಹೋದ್ಮೇಲೆ ಇನ್ನೂ ಹೊಡೀತಾರೆ" ಅನ್ನೋ ಭಯಕ್ಕೆ ಸುಮ್ಮನಿರ್ತಾರೆ, ಆ ಭಯ ನನಗೆ ಅರ್ಥ ಆಗತ್ತೆ, ಆದ್ರೆ ಅಲ್ಲಿ ದಾಖಲಾಗದ ಏಟನ್ನ ಆಮೇಲೆ ಸಾಬೀತು ಮಾಡೋದು ಬಹಳ ಕಷ್ಟ.

ಲಾಯರ್‌ಗೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ನಂಬರ್ ಅದು. ಹೆಂಗಸ್ರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದೋರು, ಕಸ್ಟಡಿಯಲ್ಲಿರೋರು ಇವರಿಗೆಲ್ಲಾ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗ್ತಾರೆ.

ಹಾಗೇ ಒಂದು ಎಚ್ಚರಿಕೆ: ವಿಡಿಯೋ ಕಾಲಲ್ಲಿ ಯೂನಿಫಾರ್ಮ್ ಹಾಕ್ಕೊಂಡು ಕೂತು "ನೀವು ಡಿಜಿಟಲ್ ಅರೆಸ್ಟ್ ಆಗಿದೀರಾ, ಕಾಲ್ ಕಟ್ ಮಾಡ್ಬೇಡಿ" ಅನ್ನೋರು ಪೊಲೀಸ್ರಲ್ಲ. ಅಂಥ ಅರೆಸ್ಟ್ ಯಾವ ಕಾನೂನಲ್ಲೂ ಇಲ್ಲ. ಕಟ್ ಮಾಡಿ, ದುಡ್ಡು ಹೋಗಿದ್ರೆ ಕೂಡಲೇ 1930ಕ್ಕೆ ಹೇಳಿ.

ಹಕ್ಕು ಮೀರಿ ನಡ್ಕೊಂಡ್ರೆ ದೂರು ಕೊಡೋಕೆ ದಾರಿಗಳಿವೆ. ಕರ್ನಾಟಕದಲ್ಲಿ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ, 2006ರ ಪ್ರಕಾಶ್ ಸಿಂಗ್ ತೀರ್ಪು ಇಂಥದ್ದೊಂದು ಪ್ರತಿ ರಾಜ್ಯದಲ್ಲೂ ಇರ್ಬೇಕು ಅಂತ ಹೇಳಿತ್ತು, ಜೊತೆಗೆ ರಾಜ್ಯ ಮಾನವ ಹಕ್ಕುಗಳ ಆಯೋಗ ಇದೆ. ನಿಮ್ಮ ದೂರನ್ನೇ ಸ್ಟೇಷನ್ನಲ್ಲಿ ತಗೊಳ್ಳಲಿಲ್ಲ ಅಂದ್ರೆ ಎಸ್ಪಿಗೆ ಬರೆದು ಕಳಿಸಿ, ಅಲ್ಲೂ ಆಗಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗಬಹುದು. ಕರ್ಕೊಂಡು ಹೋದೋರು ಎಲ್ಲಿದ್ದಾರೆ ಅಂತ ಯಾರೂ ಹೇಳದೆ ಇದ್ರೆ ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು, ಅದನ್ನ ಒಳಗಿರೋರೇ ಹಾಕ್ಬೇಕಂತಿಲ್ಲ, ತಾಯಿ, ಹೆಂಡತಿ, ಸ್ನೇಹಿತ ಯಾರು ಬೇಕಾದ್ರೂ ಹಾಕಬಹುದು, ಅವರನ್ನ ಕೋರ್ಟ್ ಮುಂದೆ ತಂದು ನಿಲ್ಲಿಸಿ ಅಂತ ಪೊಲೀಸ್ರಿಗೆ ನ್ಯಾಯಾಧೀಶರು ಆದೇಶ ಮಾಡಬಹುದು. ಆ ಅರ್ಜಿ ಹಾಕೋವಾಗ ಲಾಯರ್ ಮೊದಲು ಕೇಳೋದೇ ಎಷ್ಟೊತ್ತಿಗೆ ಕರ್ಕೊಂಡು ಹೋದ್ರು, ಯಾರು ನೋಡಿದ್ರು, ಆಮೇಲೆ ನೀವು ಯಾರಿಗೆ ಬರೆದ್ರಿ ಅಂತ.